ಹದಿಮೂರನೆಯ ಮಂಗಳವಾರ

ಎಂಟು ಗಂಟೆಗೆ ಚಹಾ ಇಳಿಸಿ, ಸೂರ್ಯಕಾಂತಿ ಬೀಜ
ತಟ್ಟೆಗೆ ಸುರಿದು, ಕಾಲು ಮಡಚಿ ಕೂರುತ್ತಿದ್ದೆವು
ಆಲಿವ್ ಆರಿಸಿ ಆರಿಸಿ ಉಗುರ ಸಂದಿ ಕಪ್ಪಾದ
ಎದ್ರೆಮಿತ್ ಕಾರ್ಖಾನೆಯ ಹೆಂಗಸರು ನಾವು ಐವರು,
ಗುಲಿಝಾರಳ ಮನೆಯಲ್ಲಿ.

ಅವಳ ಹಳೆಯ ಟೀವಿಯಲ್ಲಿ ಪೆರಿಹಾನಳ ಮುಖ
ಹಸಿರಾಗಿ ಕಾಣುತ್ತಿತ್ತು, ಅತ್ತರೆ ಪಾಚಿ.
ಇದು ಸರಿಯಲ್ಲ ಎಂದು
ಇಪ್ಪತ್ತನಾಲ್ಕು ಕಂತಿನ ಮೇಲೆ ಹೊಸದು ತಂದಳು.
ಕಥೆಗಾಗಿಯೇ ತಂದಳು. ಗಂಡನಿಗೆ ಫುಟ್‌ಬಾಲಿಗೆಂದಳು.

ಕಥೆ ಏನೆಂದರೆ... ಬೇಡ, ಉದ್ದ. ಇಷ್ಟು ಸಾಕು:
ಅಂಚೆಯ ಸಿರ್ರಿ, ಮಾತು ಕಡಿಮೆಯವ,
ಹತ್ತೊಂಬತ್ತು ವರ್ಷ ಒಬ್ಬಳಿಗೆ ಬಂದ ಕಾಗದಗಳನ್ನೆಲ್ಲ
ಕೊಡದೆ, ಒಡೆಯದೆ, ಎಣ್ಣೆಯ ಡಬ್ಬದಲ್ಲಿಟ್ಟ.
ಯಾಕಿಟ್ಟ? ಅದೇ ನಮ್ಮ ವಾರವಾರದ ಜಗಳ.
ಪ್ರೀತಿಗೆ ಎಂದಳು ನೆರ್ಮಿನ್. ಹೊಟ್ಟೆಕಿಚ್ಚಿಗೆ ಎಂದೆ ನಾನು.
ಸೋಮಾರಿತನ, ಗಂಡಸಿನ ಸೋಮಾರಿತನ, ಬೇರೇನಿಲ್ಲ
ಎಂದು ಸಿಪ್ಪೆ ಉಗಿದಳು ಮುದುಕಿ ಶಾದಿಯೆ.
ನಲವತ್ತು ವರ್ಷ ಸಂಸಾರ ಮಾಡಿದವಳು, ನಂಬಲೇಬೇಕು.

ಹದಿಮೂರನೆಯ ಮಂಗಳವಾರ ಡಬ್ಬ ಸಿಕ್ಕಿತು.
ಪೆರಿಹಾನ್ ಅದನ್ನು ಮಗುವಿನಂತೆ ಸೊಂಟಕ್ಕೇರಿಸಿ
ಗುಡ್ಡ ಹತ್ತಿ, ಸಿರ್ರಿಯ ನೀಲಿ ಬಾಗಿಲ ಮುಂದೆ ನಿಂತು
ಹಿಡಿಕೆಯ ಮೇಲೆ ಕೈಯಿಟ್ಟಳು.
ಒಳಗೆ ಯಾರೋ ಕೆಮ್ಮಿದರು.

ಮುಂದಿನ ಮಂಗಳವಾರ, ಅದೇ ಎಂಟು ಗಂಟೆ, ಅದೇ ತಟ್ಟೆ,
ಯಾರೋ ನಾಲ್ವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು
ಈರುಳ್ಳಿ ಹೆಚ್ಚುತ್ತಿದ್ದರು. ಬಹುಮಾನವಂತೆ.
ಚಾನೆಲ್ಲು ತಪ್ಪಿತೆಂದು
ರಿಮೋಟನ್ನು ತೊಡೆಗೆ ಬಡಿದು ಬಡಿದು ನೋಡಿದೆವು.
ಚಹಾ ಆರಿತು. ಈರುಳ್ಳಿ ಮುಗಿಯಲಿಲ್ಲ.

ನೋಡುವವರು ಸಾಲಲಿಲ್ಲವಂತೆ.
ಯಾವುದೋ ಮನೆಗಳಲ್ಲಿ ಪೆಟ್ಟಿಗೆ ಇಟ್ಟಿರುತ್ತಾರಂತೆ,
ಯಾರು ಏನು ನೋಡಿದರೆಂದು ಅದು ಎಣಿಸುತ್ತದಂತೆ.
ನಮ್ಮೂರಲ್ಲಿ ಆ ಪೆಟ್ಟಿಗೆ ಕಂಡವರಿಲ್ಲ.
ಅತ್ತಿಗೆಯ ಬೀಗರ ಮನೆಯಲ್ಲೂ ಇಲ್ಲ, ಕೇಳಿಸಿದೆ.
ನಾವು ಐವರು ಒಟ್ಟಿಗೆ ಉಸಿರು ಹಿಡಿದದ್ದು
ಇಸ್ತಾಂಬುಲಿನ ಯಾವ ಲೆಕ್ಕಕ್ಕೂ ಬರಲಿಲ್ಲ.
ಆಲಿವ್ ಕಾಯನ್ನಾದರೂ
ಕೈಗೆತ್ತಿ, ತಿರುಗಿಸಿ, ಹುಳುಕು ನೋಡಿ ಆಮೇಲೆ ಎಸೆಯುತ್ತೇವೆ.
ನಮ್ಮನ್ನು ಎಸೆದವರು
ಯಾವ ಬೆಲ್ಟಿನ ಪಕ್ಕ ನಿಂತು, ಏನು ನೋಡಿದರು?

ಕೆಟ್ಟ ಕಥೆಗೆ ಮಾತ್ರ ಸಾವಿಲ್ಲ.
ಆ ಅವಳಿ ಸೊಸೆಯರದ್ದು ಈಗ ಆರನೆಯ ವರ್ಷ,
ಮಣ್ಣು ಮಾಡಿದ ಮಾವ ಎರಡು ಸಲ ಎದ್ದು ಬಂದ,
ಎರಡನೆಯ ಸಲ ಬೇರೆ ಮೂಗಿನೊಂದಿಗೆ.

ಚಳಿಗಾಲದಲ್ಲಿ ಸಿರ್ರಿ ಮತ್ತೆ ಕಂಡ,
ಮೀಸೆ ಬೋಳಿಸಿಕೊಂಡು, ಹಡಗುಗಳ ಸಾಹುಕಾರನಾಗಿ.
"ಕಾಗದ ಯಾಕೆ ಬಚ್ಚಿಟ್ಟೆಯೋ, ಕಳ್ಳ?"
ಎಂದು ಶಾದಿಯೆ ಎದ್ದು ನಿಂತೇ ಕೇಳಿದಳು.
ಅವನು ನೇರ ನಮ್ಮನ್ನೇ ನೋಡಿ
ಹೆಲಿಕಾಪ್ಟರ್ ಹತ್ತಿದ.

ಬೇಸಿಗೆಯ ರಜೆಗೆ ನಾನೂ ಗುಲಿಝಾರಳೂ
ಆಯ್ವಲಿಕ್ ಬಸ್ಸು ಹಿಡಿದೆವು. ಚಿತ್ರೀಕರಣ ಅಲ್ಲೇ ನಡೆದದ್ದು.
ಗುಡ್ಡ ಟೀವಿಯಲ್ಲಿ ಕಂಡಷ್ಟು ಎತ್ತರವಿರಲಿಲ್ಲ.
ನೀಲಿ ಬಾಗಿಲು ಇತ್ತು, ಬಣ್ಣ ಚಕ್ಕೆಯೆದ್ದು,
ಹೊಸ್ತಿಲಲ್ಲಿ ಒಂದು ಬೆಕ್ಕು, ಮೀನಿನ ಮುಳ್ಳು.
ಪೆರಿಹಾನ್ ಇಟ್ಟಲ್ಲೇ ಕೈಯಿಟ್ಟು
ಹಿಡಿಕೆ ತಿರುಗಿಸಿದೆ.

ಬಾಗಿಲ ಹಿಂದೆ ಗೋಡೆ.
ಇಟ್ಟಿಗೆ, ಗಾರೆ. ಕೆಮ್ಮುವಷ್ಟೂ ಜಾಗವಿರಲಿಲ್ಲ.

ಗುಲಿಝಾರ್ ಹೊಟ್ಟೆ ಹಿಡಿದು ನಕ್ಕಳು.
ನಾನು ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಂಡೆ,
ಒಳಗೆ ಮಲಗಿದವರಿಗೆ ಎಚ್ಚರವಾಗದ ಹಾಗೆ.

ಮರಳುವ ಬಸ್ಸಿನಲ್ಲಿ, ಕಿಟಕಿಯ ತುಂಬ ಸಮುದ್ರ,
"ಇನ್ನೂ ಹನ್ನೊಂದು ಕಂತಿದೆ" ಎಂದಳು ಅವಳು.
ಎದೆ ಧಸಕ್ಕೆಂದಿತು. ಯಾವಾಗಿನಿಂದಂತೆ, ಯಾರು ಹೇಳಿದರು,
ಎಂದು ಅವಳ ತೋಳು ಹಿಡಿದೆ.
ಅವಳು ಟೀವಿಯ ಸಾಲ ಎಣಿಸುತ್ತಿದ್ದಳು.